ಫಿಲ್ಮ್ ಫೋಟೊಗ್ರಫಿಗೆ ಏನು ಓದಬೇಕು, ಎಲ್ಲಿ ಹುಡುಕಬೇಕು

ಫಿಲ್ಮ್ ಫೋಟೊಗ್ರಫಿಯ ಬಗ್ಗೆ ಬರೆದದ್ದು ರಾಶಿ ಇದೆ. ಅದರಲ್ಲಿ ಬಹುಪಾಲು ಹಳೆಯದು, ಒಳ್ಳೆಯದರಲ್ಲೂ ಬಹುಪಾಲು ಹಳೆಯದೇ. ಎಲ್ಲರೂ ಫಿಲ್ಮಿನಲ್ಲೇ ತೆಗೆಯುತ್ತಿದ್ದ ಕಾಲದಲ್ಲಿ ಪತ್ರಿಕೆಗಳು ಲೆನ್ಸು, ಶಟರು, ಡೆವಲಪರುಗಳನ್ನು (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣ) ಅಳೆದು ನೋಡಿ, ಆ ಅಳತೆಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿದ್ದವು. ಆ ಶ್ರಮ ಈಗ ಅಪರೂಪ. ಹಾಗಾಗಿ ಹೊಸಬರು ಈಗ ಬರುತ್ತಿರುವ ಪತ್ರಿಕೆಗಳ ಜತೆಗೆ ಹಳೆಯ ಸಂಚಿಕೆಗಳನ್ನೂ ಓದಲು ಕಲಿಯಬೇಕು. ಅದಕ್ಕೆ ಒಂದೇ ಷರತ್ತು: ಲೇಖನದ ಇಸವಿ ಯಾವುದು ಎಂದು ನೋಡದೆ ಅದರೊಳಗಿನ ಒಂದು ಸಂಖ್ಯೆಯನ್ನೂ ಡಾರ್ಕ್‌ರೂಮಿಗೆ ಒಯ್ಯಬಾರದು.

ಹುಡುಕಲು ಕೂರುವ ಮುನ್ನ ನಿಮಗೆ ಬೇಕಿರುವುದೇನು ಎಂದು ಸ್ಪಷ್ಟ ಮಾಡಿಕೊಳ್ಳಿ. ಡೆವಲಪ್ ಮಾಡುವ ಸಮಯ, ಎಕ್ಸ್‌ಪೋಶರ್ (ಫಿಲ್ಮಿಗೆ ಬೆಳಕು ಕೊಡುವ ಪ್ರಮಾಣ) ತಿದ್ದುಪಡಿಯಂಥ ಸಂಖ್ಯೆ ಬೇಕಾದರೆ ತಯಾರಕರ ಡೇಟಾಶೀಟ್ ನೋಡಿ. ವಿಧಾನ ಕಲಿಯಲು ಪುಸ್ತಕ, ಹಳೆಯ ಕ್ಯಾಮೆರಾ ಕೊಳ್ಳುವ ಯೋಚನೆ ಇದ್ದರೆ ಆ ಕ್ಯಾಮೆರಾ ಹೊಸದಾಗಿದ್ದಾಗ ಬಂದ ಪತ್ರಿಕೆಗಳು. ಕಣ್ಣು ಪಳಗಬೇಕಾದರೆ ಚಿತ್ರಗಳನ್ನೇ ಮುಂದಿಟ್ಟುಕೊಂಡು ಬರುವ ಪತ್ರಿಕೆಗಳು. ಈ ನಾಲ್ಕನ್ನೂ ಒಂದೇ ಪತ್ರಿಕೆಯಲ್ಲಿ ಹುಡುಕುವವರು ಎರಡು ಸಂಚಿಕೆಗೇ ಬೇಸತ್ತು ಚಂದಾ ನಿಲ್ಲಿಸುತ್ತಾರೆ.

ಮೊದಲ ಓದು: ಡೇಟಾಶೀಟ್

ಪುಕ್ಕಟೆ ಸಿಗುತ್ತದೆ, ನಾಲ್ಕಾರು ಪುಟ, ಆದರೂ ಹೆಚ್ಚಿನವರು ಓದಿರುವುದಿಲ್ಲ. ಫಿಲ್ಮ್ ತಯಾರಿಸುವ ಇಲ್ಫರ್ಡ್ ಕಂಪನಿ ತನ್ನ ಪ್ರತಿ ಫಿಲ್ಮ್, ಪೇಪರ್, ರಾಸಾಯನಿಕಕ್ಕೂ ಒಂದೊಂದು ತಾಂತ್ರಿಕ ಹಾಳೆ ಕೊಡುತ್ತದೆ. ಕೊಡಾಕ್ ದಾಖಲೆಗಳನ್ನು ಅವುಗಳ ಸಂಖ್ಯೆಯಿಂದ ಹುಡುಕುವುದು ಸುಲಭ: ಟ್ರೈ-ಎಕ್ಸ್ ಫಿಲ್ಮಿಗೆ ಎಫ್-4017, ಟಿ-ಮ್ಯಾಕ್ಸ್ 100 ಫಿಲ್ಮಿಗೆ ಎಫ್-4016, ಡಿ-76 ಡೆವಲಪರಿಗೆ ಜೆ-78, ಎಕ್ಸ್‌ಟಾಲ್ ಡೆವಲಪರಿಗೆ ಜೆ-109. ಫಿಲ್ಮಿನ ಹೆಸರು ಕೊಟ್ಟು ಹುಡುಕಿದರೆ ಅಂಗಡಿಗಳ ಪುಟಗಳೇ ಮೇಲೆ ಬರುತ್ತವೆ. ಈ ಸಂಖ್ಯೆ ಕೊಟ್ಟರೆ ಮೂಲ ದಾಖಲೆ ಬರುತ್ತದೆ.

ಅದನ್ನು ಓದುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಕತ್ತಲಲ್ಲಿ ದೀರ್ಘ ಎಕ್ಸ್‌ಪೋಶರ್ ಕೊಡುವಾಗ ಫಿಲ್ಮಿನ ಸಂವೇದನೆ ಕುಗ್ಗುತ್ತದೆ, ಬೆಳಕು ಅಳೆಯುವ ಮೀಟರ್ ಹೇಳಿದ ಸಮಯ ಸಾಲುವುದಿಲ್ಲ. ಇಲ್ಫರ್ಡಿನ ಎಚ್‌ಪಿ5 ಪ್ಲಸ್ ಫಿಲ್ಮಿನ ಹಾಳೆ ಇದಕ್ಕೆ 1.31 ಎಂಬ ಘಾತಾಂಕ ಕೊಡುತ್ತದೆ: ಮೀಟರಿನ ಸೆಕೆಂಡುಗಳನ್ನು 1.31ರ ಘಾತಕ್ಕೆ ಏರಿಸಬೇಕು. 10 ಸೆಕೆಂಡು ಸುಮಾರು 20 ಆಗುತ್ತದೆ, 100 ಸೆಕೆಂಡು ಸುಮಾರು 417, ಅಂದರೆ ಹತ್ತಿರ ಹತ್ತಿರ 7 ನಿಮಿಷ. ಟ್ರೈ-ಎಕ್ಸ್ ಹಾಳೆ ಅದೇ ಸಂಗತಿಯನ್ನು ಪಟ್ಟಿಯಾಗಿ ಕೊಡುತ್ತದೆ: 10 ಸೆಕೆಂಡಿಗೆ 50, 100 ಸೆಕೆಂಡಿಗೆ 1200, ಅಂದರೆ 20 ನಿಮಿಷ. ಜತೆಗೆ ಡೆವಲಪ್ ಮಾಡುವ ಸಮಯವನ್ನು ಕ್ರಮವಾಗಿ ಶೇ 20 ಮತ್ತು ಶೇ 30ರಷ್ಟು ಇಳಿಸಲು ಹೇಳುತ್ತದೆ, ಏಕೆಂದರೆ ಎಕ್ಸ್‌ಪೋಶರ್ ಹೆಚ್ಚಿಸಿದಾಗ ದೀಪದಂಥ ಬೆಳಕಿನ ಭಾಗಗಳು ಅಗತ್ಯಕ್ಕಿಂತ ದಟ್ಟವಾಗುತ್ತವೆ. ಎರಡೂ 400ರ ವೇಗದ (ಬೆಳಕಿಗೆ ಸ್ಪಂದಿಸುವ ಅಳತೆ, ಐಎಸ್‌ಒ) ಫಿಲ್ಮುಗಳೇ. ಆದರೂ ಒಂದಕ್ಕೆ 7 ನಿಮಿಷ, ಇನ್ನೊಂದಕ್ಕೆ 20. ‘400 ಫಿಲ್ಮಿಗೆ ರಾತ್ರಿ ಇಷ್ಟು ಕೊಡಿ’ ಎಂದು ಫಿಲ್ಮಿನ ಹೆಸರೇ ಹೇಳದ ಲೇಖನವನ್ನು ಯಾಕೆ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಡ. ಇಲ್ಲೂ ಇಸವಿ ಮುಖ್ಯ. ಇಲ್ಫರ್ಡಿನ ಹಳೆಯ ಹಾಳೆಗಳಲ್ಲಿ ಬೇರೆ ಬೇರೆ ಫಿಲ್ಮುಗಳಿಗೂ ಈ ತಿದ್ದುಪಡಿಯ ಒಂದೇ ವಕ್ರರೇಖೆ ಅಚ್ಚಾಗಿರುತ್ತಿತ್ತು. ಒಂದೊಂದು ಫಿಲ್ಮಿಗೆ ಒಂದೊಂದು ಘಾತಾಂಕ ಬಂದದ್ದು ಆಮೇಲೆ. ಹಳೆಯ ಪಿಡಿಎಫ್ ಇಟ್ಟುಕೊಂಡವರು ಹೊಸದನ್ನು ಇಳಿಸಿಕೊಳ್ಳಬೇಕು.

ಹಾಳೆಯಲ್ಲಿರುವ ಡೆನ್ಸಿಟಿ (ನೆಗೆಟಿವ್ ಎಷ್ಟು ಕಪ್ಪಾಗಿದೆ ಎಂಬ ಅಳತೆ) ವಕ್ರರೇಖೆಗೆ ಹೆದರಬೇಕಿಲ್ಲ. ಅಡ್ಡ ಅಕ್ಷದಲ್ಲಿ ಪ್ರತಿ 0.3 ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿ. ರೇಖೆ ಎಡಬದಿಯಲ್ಲಿ ಎಲ್ಲಿ ಏಳಲು ಶುರುವಾಗುತ್ತದೋ ಅಲ್ಲಿಂದ ನೆರಳಿನ ವಿವರ ಶುರು. ರೇಖೆ ಎಷ್ಟು ಕಡಿದಾಗಿದೆಯೋ ಕಾಂಟ್ರಾಸ್ಟ್ ಅಷ್ಟು ಹೆಚ್ಚು. ಇಷ್ಟು ತಿಳಿದರೆ ಎರಡು ಫಿಲ್ಮುಗಳನ್ನು ಯಾರ ಅಭಿಪ್ರಾಯವನ್ನೂ ಕೇಳದೆ ಹೋಲಿಸಬಹುದು.

ಸಮಯಗಳ ಪಟ್ಟಿ ಓದುವಾಗ ಅದರ ಕೆಳಗಿನ ಸಣ್ಣಕ್ಷರಗಳನ್ನು ಬಿಡಬೇಡಿ. ಡೆವಲಪ್ ಮಾಡುವಾಗ ಟ್ಯಾಂಕಿಗೆ (ಫಿಲ್ಮ್ ಹಾಕುವ ಡಬ್ಬಿ) ಇಲ್ಫರ್ಡ್ ಹೇಳುವ ಅಲುಗಾಟ ಮೊದಲ 10 ಸೆಕೆಂಡು, ನಂತರ ಪ್ರತಿ ನಿಮಿಷಕ್ಕೆ 10 ಸೆಕೆಂಡಿನಲ್ಲಿ ನಾಲ್ಕು ಬಾರಿ ಟ್ಯಾಂಕ್ ಮಗುಚುವುದು. ಕೊಡಾಕ್ ಹೇಳುವುದು ಪ್ರತಿ 30 ಸೆಕೆಂಡಿಗೆ 5 ಸೆಕೆಂಡು. ಒಬ್ಬರ ಸಮಯಕ್ಕೆ ಇನ್ನೊಬ್ಬರ ಅಲುಗಾಟ ಸೇರಿಸಿದರೆ ನೆಗೆಟಿವ್‌ನ ಕಾಂಟ್ರಾಸ್ಟ್ ಬದಲಾಗುತ್ತದೆ, ದೋಷ ಮಾತ್ರ ಡೆವಲಪರಿನ ತಲೆಗೆ ಬರುತ್ತದೆ. ‘ಮ್ಯಾಸಿವ್ ಡೆವ್ ಚಾರ್ಟ್’ನಂಥ ಆನ್‌ಲೈನ್ ಪಟ್ಟಿಯಲ್ಲಿ ತಯಾರಕರು ಕೊಟ್ಟ ಸಮಯಗಳೂ ಬಳಕೆದಾರರು ಕಳಿಸಿದವೂ ಬೆರೆತಿರುತ್ತವೆ. ಹಾಳೆಯಲ್ಲಿ ಇಲ್ಲದ ಜೋಡಿಗೆ ಅದು ಒಳ್ಳೆಯ ಆರಂಭ, ಆದರೆ ಹಾಳೆಯಲ್ಲಿ ಇರುವುದಕ್ಕೆ ಹಾಳೆಯದೇ ಕೊನೆಯ ಮಾತು.

ಈಗ ಬರುವ ಪತ್ರಿಕೆಗಳು

ಚಿತ್ರಗಳಿಗಾಗಿ ಓದುವವರಿಗೆ ‘ಅಪರ್ಚರ್’ ಗಟ್ಟಿ ಆಯ್ಕೆ. ಆನ್ಸೆಲ್ ಆಡಮ್ಸ್, ಡೊರೊಥಿಯಾ ಲ್ಯಾಂಗ್, ಮೈನರ್ ವೈಟ್ ಮೊದಲಾದವರು ಸೇರಿ 1952ರಲ್ಲಿ ಕಟ್ಟಿದ ಪತ್ರಿಕೆ ಅದು. ಅದರಲ್ಲಿ ಡೆವಲಪರಿನ ಪಾಕ ಹುಡುಕಿದರೆ ನಿರಾಶೆ ಖಂಡಿತ, ಚಿತ್ರ ಮತ್ತು ಚಿಂತನೆಗೆ ಮಾತ್ರ ಅದು. 1993ರಲ್ಲಿ ಶುರುವಾದ ‘ಲೆನ್ಸ್‌ವರ್ಕ್’ ಚಿತ್ರಗಳ ಅಚ್ಚಿನ ಗುಣಮಟ್ಟಕ್ಕೆ ಹೆಸರಾದದ್ದು, ಸಲಕರಣೆಗಳ ವಿಮರ್ಶೆ ಮಾಡುವುದಿಲ್ಲ. ಲೈಕಾ ಕ್ಯಾಮೆರಾ ಬಳಸುವವರಿಗೆ 1949ರಿಂದ ಇರುವ ‘ಎಲ್‌ಎಫ್‌ಐ’ (ಲೈಕಾ ಫೋಟೊಗ್ರಫಿ ಇಂಟರ್‌ನ್ಯಾಷನಲ್) ಇದೆ. ಬ್ರಿಟನ್ನಿನ ‘ಅಮೆಚೂರ್ ಫೋಟೊಗ್ರಾಫರ್’ 1884ರಲ್ಲಿ ವಾರಪತ್ರಿಕೆಯಾಗಿ ಹುಟ್ಟಿದ್ದು. ಈಗ ಅದರ ಬಹುಪಾಲು ಡಿಜಿಟಲ್, ನಡುವೆ ಹಳೆಯ ಕ್ಯಾಮೆರಾಗಳ ಬರಹಗಳು ಬರುತ್ತವೆ. ಫಿಲ್ಮಿಗೇ ಮೀಸಲಾದವುಗಳಲ್ಲಿ ‘ಅನಲಾಗ್ ಫಾರೆವರ್’ ಹೆಸರು ಹೇಳಬಹುದು. ಇದಲ್ಲದೆ ಛಾಯಾಗ್ರಾಹಕರೇ ನೂರಿನ್ನೂರು ಪ್ರತಿ ಅಚ್ಚು ಹಾಕಿಸುವ ಸಣ್ಣ ‘ಝೀನ್’ಗಳಿವೆ. ಅವು ಒಮ್ಮೆ ಮುಗಿದರೆ ಮತ್ತೆ ಅಚ್ಚಾಗುವುದು ಕಡಿಮೆ, ಇಷ್ಟವಾದರೆ ಆಗಲೇ ಕೊಳ್ಳುವುದು ಸರಿ.

ಚಂದಾ ಕಟ್ಟುವ ಮೊದಲು ಒಂದೇ ಒಂದು ಬಿಡಿ ಸಂಚಿಕೆ ತರಿಸಿ, ಕಳೆದ ವರ್ಷದ್ದಾದರೂ ಸರಿ. ಅದರಲ್ಲಿ ಡೆವಲಪರ್ ಅಥವಾ ಫಿಲ್ಮ್ ಪರೀಕ್ಷೆಯ ಒಂದು ಲೇಖನ ಆರಿಸಿಕೊಂಡು ಇಷ್ಟನ್ನು ಹುಡುಕಿ: ಫಿಲ್ಮಿನ ಪೂರ್ತಿ ಹೆಸರು, ಯಾವ ಐಎಸ್‌ಒಗೆ ಮೀಟರ್ ಮಾಡಿದ್ದು, ಡೆವಲಪರ್ ಮತ್ತು ಅದನ್ನು ತೆಳುವಾಗಿಸಿದ ಪ್ರಮಾಣ, ತಾಪಮಾನ, ಸಮಯ, ಅಲುಗಾಟ, ಕೊನೆಗೆ ಚಿತ್ರ ಕಾಗದದ ಪ್ರಿಂಟೋ ಸ್ಕ್ಯಾನೋ ಎಂಬುದು. ಏಳರಲ್ಲಿ ಐದಾದರೂ ಸಿಕ್ಕರೆ ಆ ಪತ್ರಿಕೆ ತಂತ್ರದ ವಿಷಯದಲ್ಲಿ ನಂಬಬಹುದಾದದ್ದು. ಕೊನೆಯದನ್ನು ಬಿಟ್ಟಿದ್ದರೆ ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಮತ್ತು ಕಾಂಟ್ರಾಸ್ಟ್ ಬಗ್ಗೆ ಆ ಲೇಖನ ಹೇಳುವುದನ್ನೆಲ್ಲ ಪಕ್ಕಕ್ಕಿಡಿ. ಸ್ಕ್ಯಾನರಿನ ಸ್ವಯಂಚಾಲಿತ ತಿದ್ದುಪಡಿ ಪ್ರತಿ ಚಿತ್ರದ ಕಪ್ಪು-ಬಿಳುಪಿನ ತುದಿಗಳನ್ನು ತಾನೇ ಎಳೆದು ಕೂರಿಸುತ್ತದೆ, ಶಾರ್ಪ್‌ನಿಂಗ್ ಎಂಬ ತಿದ್ದುಪಡಿ ಇಲ್ಲದ ಗ್ರೇನನ್ನು ಎಬ್ಬಿಸುತ್ತದೆ. ಹಾಗೆ ತಯಾರಾದ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಕಾಣುವುದು ಸ್ಕ್ಯಾನರಿನ ಕೈವಾಡ, ಡೆವಲಪರಿನದಲ್ಲ.

‘ಈ ಫಿಲ್ಮಿನಲ್ಲಿ ಒಂದು ಮಾಯೆ ಇದೆ, ನೆರಳುಗಳು ಮಾತಾಡುತ್ತವೆ’ ಎಂಬ ಧಾಟಿಯ ವಿಮರ್ಶೆ ಎರಡು ಪುಟ ತುಂಬಿದ್ದರೆ, ಮೀಟರ್ ಎಲ್ಲಿ ಹಿಡಿದರು ಎಂದು ಒಂದು ಸಾಲೂ ಇಲ್ಲದಿದ್ದರೆ, ಆ ಪತ್ರಿಕೆಯನ್ನು ಚಿತ್ರಗಳಿಗಾಗಿ ಕೊಳ್ಳಬಹುದು, ಕಲಿಕೆಗಾಗಿ ಬೇಡ.

ಸಣ್ಣ ಪತ್ರಿಕೆಗಳು ತಡವಾಗುತ್ತವೆ, ಕೆಲವು ನಡುವೆಯೇ ನಿಲ್ಲುತ್ತವೆ. ರಿಯಾಯಿತಿ ಇದೆಯೆಂದು ಎರಡು ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ. ಇಷ್ಟು ವರ್ಷ ಎನ್ನುವ ಚಂದಾಕ್ಕಿಂತ ಇಷ್ಟು ಸಂಚಿಕೆ ಎನ್ನುವ ಚಂದಾ ಕ್ಷೇಮ: ತಡವಾದರೂ ಲೆಕ್ಕ ತಪ್ಪುವುದಿಲ್ಲ. ಡಿಜಿಟಲ್ ಚಂದಾ ಆದರೆ ಪಿಡಿಎಫ್ ಇಳಿಸಿಕೊಳ್ಳಲು ಬಿಡುತ್ತಾರೋ, ಆ್ಯಪ್‌ನಲ್ಲಿ ಮಾತ್ರ ಓದಬೇಕೋ ಎಂದು ಮೊದಲೇ ಕೇಳಿ. ಆ್ಯಪ್ ಮುಚ್ಚಿದ ದಿನ ನಿಮ್ಮ ಸಂಗ್ರಹವೂ ಮುಚ್ಚಿಹೋಗುತ್ತದೆ.

ಹಳೆಯ ಸಂಚಿಕೆಗಳ ಗಣಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆಯಬೇಕು. ಅಮೆರಿಕದ ‘ಪಾಪ್ಯುಲರ್ ಫೋಟೊಗ್ರಫಿ’ 1937ರಿಂದ 2017ರವರೆಗೆ ಅಚ್ಚಾಯಿತು. ಅದರ ಪ್ರತಿಸ್ಪರ್ಧಿ ‘ಮಾಡರ್ನ್ ಫೋಟೊಗ್ರಫಿ’ 1937ರಿಂದ 1989ರವರೆಗೆ ಬಂದಿತು. ಪ್ರತಿ ಅಪರ್ಚರಿನಲ್ಲೂ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿಯ ಅಳತೆ) ಲೆನ್ಸ್ ನಡುವೆ ಮತ್ತು ಮೂಲೆಯಲ್ಲಿ ಎಷ್ಟು ಸ್ಪಷ್ಟ ಎಂದು ಅಳೆದ ಕೋಷ್ಟಕಗಳು ಅದರ ವೈಶಿಷ್ಟ್ಯ. ಹಳೆಯ 50 ಎಂಎಂ ಲೆನ್ಸ್ ಕೊಳ್ಳುವ ಮುನ್ನ ಅಂಥ ಕೋಷ್ಟಕ ನೋಡಿದರೆ ಯಾವ ಸ್ಟಾಪಿನಿಂದ ಮೂಲೆಗಳು ಸುಧಾರಿಸುತ್ತವೆ ಎಂಬುದು ತಿಳಿಯುತ್ತದೆ. ಪರೀಕ್ಷೆಗೆ ಒಳಗಾದದ್ದು ಒಂದು ಹೊಸ ಲೆನ್ಸ್, ನಿಮ್ಮ ಕೈಯಲ್ಲಿರುವುದು ದಶಕಗಳ ಬಳಕೆ ಕಂಡದ್ದು ಎಂಬುದು ಮಾತ್ರ ನೆನಪಿರಲಿ.

ಡಾರ್ಕ್‌ರೂಮಿಗೇ ಮೀಸಲಾದವು ಎರಡು, ಎರಡೂ ಹೆಸರು ಬದಲಿಸಿಕೊಂಡವು. ‘ಡಾರ್ಕ್‌ರೂಮ್ ಫೋಟೊಗ್ರಫಿ’ ಮುಂದೆ ‘ಕ್ಯಾಮೆರಾ ಆ್ಯಂಡ್ ಡಾರ್ಕ್‌ರೂಮ್’ ಆಯಿತು. ‘ಡಾರ್ಕ್‌ರೂಮ್ ಟೆಕ್ನಿಕ್ಸ್’ ಹಂತ ಹಂತವಾಗಿ ‘ಫೋಟೊ ಟೆಕ್ನಿಕ್ಸ್’ ಆಯಿತು. ಪ್ರಿಂಟ್ ಮಾಡುವವರು ಇವುಗಳ ಬಿಡಿ ಸಂಚಿಕೆ ಎಲ್ಲಿ ಕಂಡರೂ ತೆಗೆದುಕೊಳ್ಳುವುದು ಒಳ್ಳೆಯದು. ಹೆಸರು ಬದಲಾದ ಪತ್ರಿಕೆಗಳು ಗ್ರಂಥಾಲಯದ ಪಟ್ಟಿಯಲ್ಲಿ ಬೇರೆ ಬೇರೆ ನಮೂದಾಗಿರುತ್ತವೆ. ಒಂದು ಹೆಸರಿಗೆ ಸಿಗದಿದ್ದರೆ ಇಲ್ಲವೆಂದು ಎದ್ದುಬಿಡಬೇಡಿ, ಆ ನಮೂದಿನಲ್ಲಿ ಹಿಂದಿನ ಮತ್ತು ಮುಂದಿನ ಶೀರ್ಷಿಕೆ ಬರೆದಿರುತ್ತಾರೆ, ಅದನ್ನು ಹಿಡಿದು ಹೋಗಿ. 1854ರಲ್ಲಿ ‘ಲಿವರ್‌ಪೂಲ್ ಫೋಟೊಗ್ರಾಫಿಕ್ ಜರ್ನಲ್’ ಎಂದು ಶುರುವಾದದ್ದೇ ಇಂದಿನ ‘ಬ್ರಿಟಿಷ್ ಜರ್ನಲ್ ಆಫ್ ಫೋಟೊಗ್ರಫಿ’.

ಉಚಿತವಾಗಿ ಓದಲು ಮೂರು ಕಡೆ ನೋಡಿ. ‘ಪಾಪ್ಯುಲರ್ ಫೋಟೊಗ್ರಫಿ’ಯ ಅನೇಕ ವರ್ಷಗಳ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪೂರ್ತಿ ಪುಟಗಳೊಂದಿಗೆ ಇವೆ, 1936ರಿಂದ 1972ರವರೆಗಿನ ‘ಲೈಫ್’ ಕೂಡ ಅಲ್ಲೇ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪತ್ರಿಕೆ, ಪುಸ್ತಕ, ಕ್ಯಾಮೆರಾ ಕೈಪಿಡಿ ಎಲ್ಲ ಬೆರೆತಿರುತ್ತವೆ. ಹಾತಿಟ್ರಸ್ಟ್ ಎಂಬ ಗ್ರಂಥಾಲಯಗಳ ಡಿಜಿಟಲ್ ಭಂಡಾರದಲ್ಲಿ ಹಕ್ಕುಸ್ವಾಮ್ಯ ಮುಗಿದವು ಪೂರ್ತಿ ತೆರೆಯುತ್ತವೆ, ಉಳಿದವು ಹುಡುಕಿದ ಪದ ಯಾವ ಪುಟದಲ್ಲಿದೆ ಎಂದಷ್ಟೇ ಹೇಳುತ್ತವೆ. ಅಷ್ಟೂ ಸಾಕು: ಸಂಪುಟ, ಸಂಚಿಕೆ, ಪುಟ ಸಂಖ್ಯೆ ಬರೆದುಕೊಂಡು ಗ್ರಂಥಾಲಯದಲ್ಲಿ ಕೊಟ್ಟರೆ, ಅಂತರ-ಗ್ರಂಥಾಲಯ ಸೇವೆ ಇರುವ ಕಡೆ ಆ ಲೇಖನದ ಪ್ರತಿ ತರಿಸಿಕೊಡುತ್ತಾರೆ.

ಹುಡುಕಾಟದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಇಂಟರ್ನೆಟ್ ಆರ್ಕೈವ್‌ನ ಹುಡುಕುಪೆಟ್ಟಿಗೆ ಸಹಜ ಸ್ಥಿತಿಯಲ್ಲಿ ಶೀರ್ಷಿಕೆ ಮತ್ತು ವಿವರಣೆಯನ್ನು ಮಾತ್ರ ನೋಡುತ್ತದೆ. ಪುಟಗಳ ಒಳಗೆ ಹುಡುಕುವ ಆಯ್ಕೆಯನ್ನು ನೀವೇ ಒತ್ತಬೇಕು. ಆಮೇಲೂ ಯಂತ್ರ ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ: ಡಿ-76ರ ಇಂಗ್ಲಿಷ್ ಅಕ್ಷರ ಸೊನ್ನೆಯಾಗಿರುತ್ತದೆ, 1/60ರ ಒಂದು ಎಲ್ ಅಕ್ಷರವಾಗಿರುತ್ತದೆ. ಹಾಗಾಗಿ ಒಂದೇ ಹೆಸರನ್ನು ಗೀಟು ಹಾಕಿ, ಗೀಟಿಲ್ಲದೆ, ಜಾಗ ಬಿಟ್ಟು ಮೂರು ರೀತಿ ಬರೆದು ನೋಡಿ. ಇಸವಿಯ ಮಿತಿಯನ್ನು ಆ ಕ್ಯಾಮೆರಾ ಮಾರುಕಟ್ಟೆಗೆ ಬಂದ ವರ್ಷ ಮತ್ತು ಅದರ ಮುಂದಿನ ಎರಡು ವರ್ಷಕ್ಕೆ ಕಟ್ಟಿದರೆ ವಿಮರ್ಶೆಗಳು ಬೇಗ ಸಿಗುತ್ತವೆ. ಬೈಂಡ್ ಮಾಡಿದ ಸಂಪುಟ ಸಿಕ್ಕರೆ ವರ್ಷದ ಕೊನೆಯ ಸಂಚಿಕೆಯಲ್ಲಿ ಇಡೀ ವರ್ಷದ ಸೂಚಿ ಇದೆಯೇ ನೋಡಿ, ಹನ್ನೆರಡು ಪರಿವಿಡಿ ತಿರುವುವುದು ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಪ್ರತಿ ಕೊಳ್ಳುವಾಗ ಮಾರುವವರಿಂದ ಎರಡು ಚಿತ್ರ ಕೇಳಿ: ನಡುಪುಟದ ಪಿನ್ನು, ಮತ್ತು ಬೆನ್ನು. ಪಿನ್ನಿಗೆ ತುಕ್ಕು ಹಿಡಿದಿದ್ದರೆ ತೇವ ಕಂಡ ಪ್ರತಿ. ನುಣುಪು ಕಾಗದ ಒಮ್ಮೆ ನೆನೆದು ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ; ಬಿಡಿಸಲು ಹೋದರೆ ಅಚ್ಚು ಸಮೇತ ಕಿತ್ತುಬರುತ್ತವೆ, ಮತ್ತೆ ಸರಿಯಾಗುವುದಿಲ್ಲ. ಕೂಪನ್ ಕತ್ತರಿಸಿದ ಪುಟದ ಹಿಂದೆ ಲೇಖನದ ಕಾಲಂ ಹೋಗಿರುತ್ತದೆ, ಅದನ್ನೂ ವಿಚಾರಿಸಿ.

ಇಸವಿ ತಿಳಿಯದೆ ಓದಿದರೆ ಕೆಡುವುದೇನು

1960 ಎಂಬ ಗೆರೆ ಮೊದಲು ನೆನಪಿಡಿ. ಆ ವರ್ಷ ಎಎಸ್‌ಎ ಎಂಬ ಅಮೆರಿಕದ ಫಿಲ್ಮ್ ವೇಗದ ಮಾನದಂಡ ಪರಿಷ್ಕರಣೆಯಾಗಿ, ಅದುವರೆಗೆ ಸೇರಿಸಿದ್ದ ಸುರಕ್ಷತಾ ಅಂಶವನ್ನು ಇಳಿಸಿದರು. ಕಪ್ಪು-ಬಿಳುಪು ನೆಗೆಟಿವ್ ಫಿಲ್ಮುಗಳ ಅಂಕಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಇಲ್ಫರ್ಡ್ ಎಚ್‌ಪಿ3 ಫಿಲ್ಮಿನ ಲೇಪನ ಏನೂ ಬದಲಾಗದೆ 200 ಇದ್ದದ್ದು 400 ಎಂದಾಯಿತು. ಆದ್ದರಿಂದ 1957ರ ಲೇಖನದಲ್ಲಿ ‘ಡಬ್ಬಿಯ ಮೇಲಿನ ವೇಗದ ಎರಡರಷ್ಟಕ್ಕೆ ತೆಗೆದರೂ ನೆರಳಿನಲ್ಲಿ ವಿವರ ಇದೆ’ ಎಂದಿದ್ದರೆ ಅದು ಇಂದಿನ ಲೆಕ್ಕದಲ್ಲಿ ಡಬ್ಬಿಯ ವೇಗವೇ. ಅದನ್ನು ನಂಬಿ ಇಂದಿನ 400 ಫಿಲ್ಮನ್ನು 800ಕ್ಕೆ ತೆಗೆದು ಮಾಮೂಲು ಸಮಯಕ್ಕೆ ಡೆವಲಪ್ ಮಾಡಿದರೆ ನೆರಳುಗಳು ಖಾಲಿ ಬರುತ್ತವೆ.

ಎರಡನೆಯದು ಒಂದೇ ಹೆಸರಿನ ಫಿಲ್ಮ್ ಬೇರೆಯಾಗಿರುವುದು. ಹಳೆಯ ‘ಟ್ರೈ-ಎಕ್ಸ್ ಪ್ಯಾನ್’ಗೆ ಡಿ-76ರಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ 8 ನಿಮಿಷ ಎಂದು ಹಳೆಯ ಪುಸ್ತಕಗಳಲ್ಲಿದೆ. ಈಗಿನ ಟ್ರೈ-ಎಕ್ಸ್ ಆದ 400ಟಿಎಕ್ಸ್‌ಗೆ ಕೊಡಾಕ್ ಹೇಳುವುದು ಆರೂಮುಕ್ಕಾಲು ನಿಮಿಷ, ಡೆವಲಪರಿಗೆ ಸಮ ಪ್ರಮಾಣದ ನೀರು ಸೇರಿಸಿದರೆ ಒಂಬತ್ತೂಮುಕ್ಕಾಲು. ಕಲರ್ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. 1972ರಲ್ಲಿ ಸಿ-41 ಎಂಬ ಕಲರ್ ನೆಗೆಟಿವ್ ಪ್ರಕ್ರಿಯೆ ಬರುವ ಮೊದಲಿನ ಲೇಖನಗಳು ಸಿ-22 ಎಂಬ ಬೇರೆ ಪ್ರಕ್ರಿಯೆಯ ಬಗ್ಗೆ, ಸುಮಾರು 24 ಡಿಗ್ರಿಯಲ್ಲಿ ನಡೆಯುತ್ತಿದ್ದದ್ದು. ಇಂದಿನ ಸಿ-41 ಡೆವಲಪರಿಗೆ 37.8 ಡಿಗ್ರಿ, 3 ನಿಮಿಷ 15 ಸೆಕೆಂಡು. ಹಳೆಯ ಕಲರ್ ಲೇಖನಗಳ ಬೆಳಕಿನ ಪಾಠ ಉಪಯೋಗಕ್ಕೆ ಬರುತ್ತದೆ, ರಸಾಯನ ಬರುವುದಿಲ್ಲ.

ಮೂರನೆಯದು ಬ್ಯಾಟರಿ. 1960-70ರ ದಶಕಗಳ ಕ್ಯಾಮೆರಾ ವಿಮರ್ಶೆಯಲ್ಲಿ ಮೀಟರ್ ನಿಖರ ಎಂದು ಹೊಗಳಿರುವುದು ಹೆಚ್ಚಾಗಿ 1.35 ವೋಲ್ಟಿನ ಪಿಎಕ್ಸ್625 ಪಾದರಸದ ಬ್ಯಾಟರಿಯೊಂದಿಗೆ. ಅದೇ ಗಾತ್ರದ ಈಗಿನ ಆಲ್ಕಲೈನ್ 1.5 ವೋಲ್ಟ್, ಬಳಸುತ್ತ ಹೋದಂತೆ ಇಳಿಯುತ್ತದೆ ಕೂಡ. ವೋಲ್ಟೇಜ್ ಸರಿದೂಗಿಸುವ ಸರ್ಕ್ಯೂಟ್ ಇಲ್ಲದ ಕ್ಯಾಮೆರಾದಲ್ಲಿ ಮೀಟರ್ ತಪ್ಪು ಹೇಳುತ್ತದೆ. ಶ್ರವಣಯಂತ್ರಕ್ಕೆ ಬಳಸುವ 675 ಝಿಂಕ್-ಏರ್ ಸುಮಾರು 1.4 ವೋಲ್ಟ್ ಸ್ಥಿರವಾಗಿ ಕೊಡುವುದರಿಂದ ಅಡಾಪ್ಟರ್ ಬಳೆಯೊಂದಿಗೆ ಅದು ಹತ್ತಿರದ ಬದಲಿ.

ನಾಲ್ಕನೆಯದು ಪಾಕಗಳು, ಇಲ್ಲಿ ತಪ್ಪಿದರೆ ಇಡೀ ರೋಲ್ ಹೋಗುತ್ತದೆ. ಬ್ರಿಟಿಷ್ ಪಿಂಟ್ 20 ಔನ್ಸ್, 568 ಎಂಎಲ್. ಅಮೆರಿಕನ್ ಪಿಂಟ್ 16 ಔನ್ಸ್, 473 ಎಂಎಲ್. ಪತ್ರಿಕೆ ಎಲ್ಲಿ ಅಚ್ಚಾದದ್ದು ಎಂದು ಮುಖಪುಟ ನೋಡಿ ನಿರ್ಧರಿಸಿ. ಗ್ರೇನ್ ಎಂಬ ತೂಕ 0.065 ಗ್ರಾಂ. ಸೋಡಿಯಂ ಸಲ್ಫೈಟ್ ಹರಳು ರೂಪದಲ್ಲಿ ಹೇಳಿದ್ದರೆ ಈಗ ಸಿಗುವ ನೀರಿಲ್ಲದ ಪುಡಿ ಅದರ ಅರ್ಧ ತೂಕ ಸಾಕು. ಸೋಡಿಯಂ ಕಾರ್ಬೊನೇಟ್ ಹರಳು 2.7 ಗ್ರಾಂ ಅಂದರೆ ನೀರಿಲ್ಲದ ಪುಡಿ 1 ಗ್ರಾಂ. ಈ ಕೊನೆಯದನ್ನು ಗಮನಿಸದೆ ತೂಗಿದರೆ ಡೆವಲಪರ್ ಎಷ್ಟೋ ಪಟ್ಟು ಕ್ಷಾರವಾಗಿ ನೆಗೆಟಿವ್ ಕಪ್ಪುಗಟ್ಟುತ್ತದೆ.

ನೀವು ಓದುತ್ತಿರುವ ಪಾಕ ಸರಿಯೇ ಎಂದು ಪರೀಕ್ಷಿಸಲು ಎಲ್ಲರೂ ಬಲ್ಲ ಡಿ-76ನ್ನು ಅಳತೆಗೋಲಾಗಿಸಿ: ಮೆಟಾಲ್ 2 ಗ್ರಾಂ, ನೀರಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಎಲ್ಲ ಸೇರಿ ನೀರು 1 ಲೀಟರ್. ಸುಮಾರು 50 ಡಿಗ್ರಿಯ 750 ಎಂಎಲ್ ನೀರಲ್ಲಿ ಇದೇ ಕ್ರಮದಲ್ಲಿ ಕರಗಿಸಬೇಕು. ಸಲ್ಫೈಟ್ ಪೂರ್ತಿ ಹಾಕಿದ ಮೇಲೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಮೆಟಾಲ್ ಮೊದಲು. ಒಂದು ಪುಸ್ತಕದಲ್ಲಿ ಡಿ-76 ಈ ಅಂಕಿಗಳೊಂದಿಗೆ ಹೊಂದದಿದ್ದರೆ ಅದರ ಉಳಿದ ಪಾಕಗಳನ್ನೂ ಇನ್ನೊಂದು ಕಡೆ ತಾಳೆ ನೋಡದೆ ಮುಟ್ಟಬೇಡಿ. ಮರ್ಕ್ಯುರಿಕ್ ಕ್ಲೋರೈಡ್, ಸಯನೈಡ್, ಡೈಕ್ರೊಮೇಟ್ ಬಳಸುವ ಹಳೆಯ ಪಾಕಗಳನ್ನು ಇತಿಹಾಸವಾಗಿ ಓದಿ, ಮನೆಯಲ್ಲಿ ಮಾಡಬೇಡಿ. ಆ ಕಾಲದ ಬರಹಗಳು ಅವುಗಳ ವಿಷವನ್ನು ಅರ್ಧ ಸಾಲಿನಲ್ಲಿ ಹೇಳಿ ಮುಗಿಸುತ್ತವೆ.

ಪುಸ್ತಕಗಳು, ಕೈಪಿಡಿಗಳು

ಮೂರು ನಾಲ್ಕು ಸಾಕು. ಆನ್ಸೆಲ್ ಆಡಮ್ಸ್ ಅವರ ‘ದ ಕ್ಯಾಮೆರಾ’, ‘ದ ನೆಗೆಟಿವ್’, ‘ದ ಪ್ರಿಂಟ್’ 1980ರಿಂದ 1983ರ ನಡುವೆ ಪರಿಷ್ಕೃತವಾಗಿ ಬಂದವು. ಒಂದೇ ಕೊಳ್ಳುವುದಾದರೆ ನಡುವಿನದು. ಅದರಲ್ಲಿ ಹೆಸರಿಸಿದ ಫಿಲ್ಮುಗಳಲ್ಲಿ ಎಷ್ಟೋ ಈಗ ಇಲ್ಲ, ಆದರೆ ನಿಮ್ಮ ಫಿಲ್ಮಿನ ನಿಜವಾದ ವೇಗ ಕಂಡುಕೊಳ್ಳುವ ಪರೀಕ್ಷೆ ಹಾಗೆಯೇ ನಡೆಯುತ್ತದೆ: ಝೋನ್ 1ರಲ್ಲಿ (ಮೀಟರ್ ಹೇಳಿದ್ದಕ್ಕಿಂತ ನಾಲ್ಕು ಸ್ಟಾಪ್ ಕಡಿಮೆ ಬೆಳಕು ಕೊಟ್ಟಾಗ), ಖಾಲಿ ಫಿಲ್ಮಿಗಿಂತ ಸುಮಾರು 0.10 ಹೆಚ್ಚು ಡೆನ್ಸಿಟಿ ಕೊಡುವ ಐಎಸ್‌ಒ ನಿಮ್ಮದು. ರಸಾಯನಕ್ಕೆ ಸ್ಟೀವ್ ಆ್ಯಂಚೆಲ್ ಅವರ ‘ದ ಡಾರ್ಕ್‌ರೂಮ್ ಕುಕ್‌ಬುಕ್’, ಅಳತೆಯ ಹುಚ್ಚಿದ್ದವರಿಗೆ ಲ್ಯಾಂಬ್ರೆಕ್ಟ್ ಮತ್ತು ವುಡ್‌ಹೌಸ್ ಅವರ ‘ವೇ ಬಿಯಾಂಡ್ ಮೊನೊಕ್ರೋಮ್’. ಎಲ್ಲದರಲ್ಲೂ ಹಕ್ಕುಸ್ವಾಮ್ಯದ ಪುಟ ತೆಗೆದು ಎಷ್ಟನೇ ಆವೃತ್ತಿ ಎಂದು ನೋಡಿ, ಕೊನೆಯದನ್ನೇ ತರಿಸಿ.

ಕ್ಯಾಮೆರಾ ಕೈಪಿಡಿಯಲ್ಲಿ ಬಳಕೆದಾರರದ್ದು ಬೇರೆ, ರಿಪೇರಿಯವರದ್ದು ಬೇರೆ. ಬಳಸುವವರದ್ದನ್ನು ಮೊದಲು ಪೂರ್ತಿ ಓದಿ. ಶಟರ್ ಕಾಕ್ ಮಾಡುವ (ಸ್ಪ್ರಿಂಗ್ ಎಳೆದು ಸಜ್ಜುಗೊಳಿಸುವ) ಮೊದಲು ಸ್ಪೀಡ್ ಡಯಲ್ ತಿರುಗಿಸಬಾರದು ಎಂಬಂಥ ಎಚ್ಚರಿಕೆಗಳು ಅಲ್ಲಿರುತ್ತವೆ. ಕೆಲವು ಹಳೆಯ ಕ್ಯಾಮೆರಾಗಳು ಅದೊಂದರಿಂದಲೇ ಕೆಡುತ್ತವೆ.

ಲೇಖನದ ಮಾತನ್ನು ಪರೀಕ್ಷಿಸುವ ಕ್ರಮ

ಓದಿದ್ದನ್ನು ಬರೆದಿಡಿ: ಪತ್ರಿಕೆ, ಇಸವಿ-ತಿಂಗಳು, ಪುಟ, ಫಿಲ್ಮ್, ಡೆವಲಪರ್, ತಾಪಮಾನ, ಸಮಯ. ಪಿಡಿಎಫ್ ಕಡತದ ಹೆಸರು ಇಸವಿಯಿಂದಲೇ ಶುರುವಾಗಲಿ, ಆಗ ತಾನಾಗಿಯೇ ಕಾಲಕ್ರಮಕ್ಕೆ ಬರುತ್ತವೆ. ಕಾಗದದ ಸಂಚಿಕೆಗಳನ್ನು ಪಾಲಿಪ್ರೊಪಿಲೀನ್ ಚೀಲದಲ್ಲಿ ಒಣ ಜಾಗದಲ್ಲಿಡಿ, ಪಿವಿಸಿ ಚೀಲ ಬೇಡ. ಅದರಿಂದ ಹೊರಬರುವ ಎಣ್ಣೆಯಂಶ ಅಚ್ಚಿಗೆ ಅಂಟುತ್ತದೆ.

ಯಾವುದೋ ಲೇಖನದ ಹೊಸ ಸಮಯ ಅಥವಾ ಡೆವಲಪರ್ ಮನಸ್ಸಿಗೆ ಹಿಡಿಸಿದರೆ ಒಂದು 36ರ ರೋಲನ್ನು ಅದಕ್ಕೆ ಮೀಸಲಿಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಗಾಢ ನೆರಳೂ ಬಿಳಿ ಬಟ್ಟೆಯೂ ಇರುವ ಒಂದೇ ದೃಶ್ಯವನ್ನು, ಬೆಳಕು ಬದಲಾಗದ ಹೊತ್ತಿನಲ್ಲಿ, ಒಂದೇ ಎಕ್ಸ್‌ಪೋಶರಿನಲ್ಲಿ ರೋಲ್ ಮುಗಿಯುವವರೆಗೆ ತೆಗೆಯಿರಿ. ಹಾಗೆ ಮಾಡಿದರೆ ಕತ್ತಲಲ್ಲಿ ಎಲ್ಲಿ ಕತ್ತರಿಸಿದರೂ ನಷ್ಟವಿಲ್ಲ. ಒಂದು ಫ್ರೇಮಿಗೆ 38 ಮಿಲಿಮೀಟರ್ ಲೆಕ್ಕದಲ್ಲಿ 12 ಫ್ರೇಮ್ ಸುಮಾರು 46 ಸೆಂಟಿಮೀಟರ್. ಕತ್ತಲಲ್ಲಿ ಬೆರಳಿಗೆ ಸಿಗುವಂತೆ ಮೇಜಿನ ಮೇಲೆ ಆ ದೂರಕ್ಕೆ ಎರಡು ಟೇಪ್ ಅಂಟಿಸಿಡಿ. ಮೊದಲ ತುಂಡನ್ನು ಡೇಟಾಶೀಟ್ ಪ್ರಕಾರ, ಎರಡನೆಯದನ್ನು ಲೇಖನದ ಪ್ರಕಾರ ಡೆವಲಪ್ ಮಾಡಿ, ಬೇರೇನನ್ನೂ ಬದಲಿಸಬೇಡಿ. ಎರಡನ್ನೂ ಲೈಟ್‌ಬಾಕ್ಸ್ ಮೇಲಿಟ್ಟು ಲೂಪ್ ಎಂಬ ಭೂತಗನ್ನಡಿಯಿಂದ ಮೊದಲು ನೆರಳು, ಆಮೇಲೆ ಬಿಳಿ ಬಟ್ಟೆಯ ಮಡಿಕೆ ನೋಡಿ. ಫಲಿತಾಂಶ ಸಂದೇಹಕ್ಕೆ ಎಡೆ ಕೊಟ್ಟರೆ ಮೂರನೆಯ ತುಂಡು ಇನ್ನೂ ಡಬ್ಬಿಯಲ್ಲಿರುತ್ತದೆ, ಲೇಖನದ ಸಮಯವನ್ನು ಶೇ 15ರಷ್ಟು ಏರಿಸಿಯೋ ಇಳಿಸಿಯೋ ಅದನ್ನು ಬಳಸಿ.